ಮನೆಯಿಂದ ತಂದ ಬಟ್ಟೆ

ಬೆಳ್ಳುಳ್ಳಿ ಸಿಪ್ಪೆ ಸುಟ್ಟ ಹೊಗೆ ಮೂಗಿಗೆ ಬಂದರೆ ಆ ಮನೆಯಲ್ಲಿ ಎಳೆಗೂಸಿದೆ ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೂಸಿಗೆ ಎರೆದ ಮೇಲೆ ಕೆಂಡಕ್ಕೆ ಒಂದು ಹಿಡಿ ಸಿಪ್ಪೆ, ಚಿಟಿಕೆ ಅಜವಾನ ಹಾಕಿ ಹೊಗೆ ಹಿಡಿಯುವುದು ಇಲ್ಲಿಯ ರೂಢಿ. ಮೂವತ್ತು ವರ್ಷ ನರ್ಸ್ ಆಗಿದ್ದವಳು ನಾನು. ಹೊಗೆ ಹಾಕಬೇಡಿರೇ, ಕೂಸಿನ ಎದೆಗೆ ಒಳ್ಳೆಯದಲ್ಲ ಎಂದು ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ. ಯಾರೂ ಕೇಳಲಿಲ್ಲ ಎನ್ನುವುದು ಬೇರೆ ಮಾತು. ಹೋದ ಶ್ರಾವಣದಲ್ಲಿ ಅಕ್ಕಿಆಲೂರಿನ ತಂಗಿಯ ಮನೆಗೆ, ಬಾಣಂತನಕ್ಕೆ ಬಂದಿದ್ದ ಅವಳ ಮಗಳು ಸವಿತಾಳ ಕೂಸನ್ನು ನೋಡಲು ಹೋದಾಗ ಬಾಗಿಲಲ್ಲೇ ಆ ಹೊಗೆ ಎದುರಾಯಿತು. ಬೈಯಬೇಕೆಂದು ಬಾಯಿ ತೆರೆದವಳು ಹೊಸ್ತಿಲ ಮೇಲೆಯೇ ನಿಂತುಬಿಟ್ಟೆ.

"ಯಾಕ ದೊಡ್ಡವ್ವ, ಕಣ್ಣಾಗ ನೀರು ಬಂತಲ್ಲ?" ಅಂದಳು ಸವಿತಾ.

"ಹೊಗಿ" ಅಂದೆ.

ಹೊಗೆಯಲ್ಲ. ಹನ್ನೊಂದು ವರ್ಷದ ಹಿಂದಿನ ಒಂದು ಮಳೆಗಾಲ. ಅಲ್ಲಿಂದ ಆರು ಕಿಲೋಮೀಟರ್ ದೂರದ ಒಂದು ಊರು. ಆ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಜನ ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ಚಹಾ ಕುಡಿಸದೆ ಬಿಡುವುದಿಲ್ಲ, ಮತ್ತು ನಾನು ಹೇಳಬೇಕೆಂದಿರುವ ತಪ್ಪು ಬರೀ ಅವರದಲ್ಲ.

ಹಿರೇಕೆರೂರಿನ ಕಡೆಯಿಂದ ಅಲ್ಲಿಯ ಉಪಕೇಂದ್ರಕ್ಕೆ ನನಗೆ ವರ್ಗವಾದದ್ದು ರೋಹಿಣಿ ಮಳೆಯ ಹೊತ್ತಿಗೆ. ಎರಡು ಕೋಣೆ, ಒಂದು ಕಟ್ಟೆ, ಸೋರುವ ಸೂರು. ಔಷಧದ ಪೆಟ್ಟಿಗೆಯನ್ನು ಎಲ್ಲಿಟ್ಟರೂ ಅದರ ಮೇಲೆಯೇ ಹನಿ ಬೀಳುತ್ತಿತ್ತು. ಮೊದಲ ದಿನ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಗುಲಾಬಿ ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿಕೊಂಡು ಒಬ್ಬಳು ಏಣಿ ಹೊತ್ತು ಬಂದಳು. ಸೀದಾ ಮಾಡಿನ ಮೇಲೆ ಹತ್ತಿ ಹಂಚು ಸರಿಸಿ, ಇಳಿದು ಬಂದು, ಕೈ ಒರೆಸಿಕೊಳ್ಳುತ್ತ, "ನಾ ಕಸ್ತೂರಿ ರೀ ಅಕ್ಕಾರ, ಈ ಊರ ಆಶಾ ಕಾರ್ಯಕರ್ತಿ. ಇನ್ನ ಪೆಟ್ಟಿಗಿ ಅಲ್ಲೇ ಇಡ್ರಿ" ಅಂದಳು. ನನಗಿಂತ ಒಂದು ವರ್ಷ ದೊಡ್ಡವಳು. ಆದರೂ ಮೊದಲ ದಿನದಿಂದ ಕೊನೆಯ ದಿನದ ತನಕ ಅವಳು ನನಗೆ "ರೀ" ಎಂದಳು, ನಾನು ಅವಳಿಗೆ "ನೀ" ಎಂದೆ. ಇದು ನನ್ನ ಗಮನಕ್ಕೆ ಬಂದದ್ದು ಎಷ್ಟೋ ವರ್ಷದ ಮೇಲೆ.

ಕಸ್ತೂರಿಯ ಮನೆ ಊರ ಕೆಳಗಿನ ದಲಿತ ಕೇರಿಯಲ್ಲಿ. ಅವಳ ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಅವರದು ಬೌದ್ಧರಾದ ಮನೆ. ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವಳ ಹೊಲಿಗೆಯ ಡಬ್ಬಿ. ನಾನು ಅಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಕುಡಿಯುತ್ತೇನೆ ಎನ್ನುವುದು ನನಗೊಂದು ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಸವಣೂರಿನ ನನ್ನ ಅವ್ವನಿಗೆ ಫೋನು ಮಾಡಿದಾಗೆಲ್ಲ ಬೇಕೆಂದೇ ಆ ಸುದ್ದಿ ತೆಗೆದು ಅವಳ ಬಾಯಿ ಕಟ್ಟುತ್ತಿದ್ದೆ.

ಕಸ್ತೂರಿಯ ಕೈ ಎರಡು ಕೆಲಸಕ್ಕೆ ಹೆಸರಾಗಿತ್ತು. ಒಂದು, ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವುದು. ಇನ್ನೊಂದು, ಕೂಸನ್ನು ಎತ್ತಿ ತೂಕ ಹೇಳುವುದು. ತಿಂಗಳ ಮೊದಲನೆಯ ಗುರುವಾರ ಉಪಕೇಂದ್ರದ ಕಟ್ಟೆಯ ಮೇಲೆ ಲಸಿಕೆ, ಜೊತೆಗೆ ತೂಕ. ಗಡಿಯಾರದಂಥ ಮುಖದ ತಕ್ಕಡಿಯನ್ನು ತೊಲೆಗೆ ಕಟ್ಟಿ, ಕೆಳಗಿನ ಕೊಕ್ಕೆಗೆ ಬಟ್ಟೆಯ ಜೋಳಿಗೆ ಸಿಕ್ಕಿಸಿ, ಅದರಲ್ಲಿ ಕೂಸನ್ನು ಮಲಗಿಸಿದರೆ ಮುಳ್ಳು ತೂಕ ತೋರಿಸುತ್ತಿತ್ತು. ಕೂಸನ್ನು ಜೋಳಿಗೆಗೆ ಹಾಕುವ ಮುಂಚೆ ಕಸ್ತೂರಿ ಎರಡೂ ಕೈಯಲ್ಲಿ ಒಮ್ಮೆ ತೂಗಿ, "ನಾಕೂವರಿ ರೀ" ಅನ್ನುತ್ತಿದ್ದಳು. ಮುಳ್ಳು ಹೋಗಿ ನಾಲ್ಕೂವರೆಗೆ ನಿಲ್ಲುತ್ತಿತ್ತು. ನಾನು ಅವಳೊಡನೆ ಪಂಥ ಕಟ್ಟಿ ಪ್ರತಿ ಸಲ ಸೋತೆ. "ನಿನ್ನ ಕೈಯಾಗ ಏನರ ಮುಳ್ಳ ಐತೇನ?" ಎಂದು ಚೇಷ್ಟೆ ಮಾಡಿದರೆ, "ಮೂರು ಮಕ್ಕಳನ್ನ ಬಗಲಾಗ ಹೊತ್ಕೊಂಡು ಗದ್ದ್ಯಾಗ ನಟ್ಟಿ ಹಚ್ಚೇನ್ರಿ. ತೂಕ ತಾನ ಗೊತ್ತಾಗತೈತಿ" ಎಂದು ನಗುತ್ತಿದ್ದಳು.

ಸರಕಾರದಿಂದ ಬಂದ ಜೋಳಿಗೆ ನಾನು ಹೋಗುವ ಮುಂಚೆಯೇ ಹರಿದು ಹೋಗಿತ್ತು. ಹೊಸದು ಕೇಳಿ ಬರೆದಿದ್ದೆ, ಬಂದಿರಲಿಲ್ಲ. ಕಸ್ತೂರಿ ಒಂದು ವಾರ ಕೂತು ಒಂದು ಜೋಳಿಗೆ ಹೊಲಿದು ತಂದಳು. ಕೆಂಪು ಇಳಕಲ್ ಸೀರೆಯ ತುಂಡು, ಅಂಚಿಗೆ ಹಸಿರು, ನಡುವೆ ಕೌದಿಯ ಸಾಲು ಹೊಲಿಗೆ. ಕೂಸಿನ ಬೆನ್ನಿಗೆ ಒಂದು ಗಂಟೂ ಚುಚ್ಚದ ಹಾಗೆ ಮಾಡಿದ್ದಳು. ಅದನ್ನು ಕೊಕ್ಕೆಗೆ ಹಾಕಿ ನೋಡಿದರೆ ಇನ್ನೂರು ಗ್ರಾಂ. "ಇನ್ನೂರು ಕಳದು ಬರಕೊಳ್ರಿ" ಅಂದಳು.

ಜೂನಿನ ಗುರುವಾರ ಮೇಲಿನ ಓಣಿಯ ನೀಲವ್ವ ತನ್ನ ಮೂರು ತಿಂಗಳ ಮೊಮ್ಮಗಳನ್ನು ತಂದಳು. ಭೂಮಿಕಾ ಎಂದು ಹೆಸರು. ನೀಲವ್ವ ಅದನ್ನು ಭೂಮವ್ವ ಎನ್ನುತ್ತಿದ್ದಳು. ಮಗನಿಗೆ ಇದು ಮೂರನೆಯ ಹೆಣ್ಣು. ಊರಲ್ಲಿ ಕೆಲವರು ಮುಖ ಸಿಂಡರಿಸಿದ್ದರು. ನೀಲವ್ವ ಮಾತ್ರ ಯಾರ ಮಾತಿಗೂ ಸೊಪ್ಪು ಹಾಕದೆ ಆ ಕೂಸನ್ನು ಎದೆಗೆ ಅವಚಿಕೊಂಡೇ ಓಡಾಡುವಳು. ಆ ಮುದುಕಿಯ ಪ್ರೀತಿಯಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಸ್ತೂರಿ ಎಂದಿನಂತೆ ಕೈ ಚಾಚಿದಳು. ನೀಲವ್ವ ಅವಳನ್ನು ದಾಟಿ ತಾನೇ ಕೂಸನ್ನು ಜೋಳಿಗೆಗೆ ಹಾಕಿದಳು. ಮುಳ್ಳು ಐದು ಕಿಲೋ ಇನ್ನೂರಕ್ಕೆ ನಿಂತಿತು. ಐದು ಕಿಲೋ ಎಂದು ಕಾರ್ಡಿನಲ್ಲಿ ಬರೆದೆ. ಆ ಕೂಸಿನ ಬಗ್ಗೆ ನಾನು ಬರೆದ ನಿಜವಾದ ತೂಕ ಅದೊಂದೇ.

"ಜೋಳಗಿ ಚಂದ ಐತ್ರಿ. ಯಾರು ಹೊಲದಾರ?" ನೀಲವ್ವ ಕೇಳಿದಳು.

ಕಸ್ತೂರಿ ಖುಷಿಯಿಂದ, "ನಾನರೀ ಆಯಿ. ನಮ್ಮವ್ವನ ಮದುವಿ ಸೀರಿ ಅದು" ಅಂದಳು.

ನೀಲವ್ವ ಕೂಸನ್ನು ಜೋಳಿಗೆಯಿಂದ ತಟ್ಟನೆ ಎತ್ತಿಕೊಂಡಳು. ಮನೆಗೆ ಹೋಗಿ ಅದಕ್ಕೆ ಮತ್ತೊಮ್ಮೆ ಎರೆದಳಂತೆ. ಆ ಸುದ್ದಿ ಸಂಜೆಗೆ ನನಗೆ ಮುಟ್ಟಿತು. ಕಸ್ತೂರಿಗೆ ನನಗಿಂತ ಮುಂಚೆಯೇ ಮುಟ್ಟಿರಬೇಕು.

ಮುಂದಿನ ಗುರುವಾರ ಬಾಕಿ ಉಳಿದವರಿಗೆ ಲಸಿಕೆ ಹಾಕಲೆಂದು ಮತ್ತೆ ಕೂತೆವು. ಮೇಲಿನ ಓಣಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ನಾನೇ ಮನೆಮನೆಗೆ ಹೋದೆ. "ನೆಗಡಿ ಐತ್ರಿ", "ಜ್ವರ ಬಂದಾವ್ರಿ", "ಮಳಿ ಐತ್ರಿ" ಅಂದರು. ಒಬ್ಬ ಸೊಸೆ ಮಾತ್ರ ಸಣ್ಣ ದನಿಯಲ್ಲಿ, "ಆ ಜೋಳಗಿ ತಗೀರಿ ನರ್ಸಬಾಯಾರ, ಎಲ್ಲಾರೂ ಬರ್ತಾರ" ಅಂದಳು.

ನಾನು ಏನು ಮಾಡಬಹುದಿತ್ತು? ಕಾನೂನು ನನ್ನ ಬೆನ್ನಿಗಿತ್ತು. ಕಟ್ಟೆಯ ಮೇಲೆ ನಿಂತು ಒಂದೇ ಒಂದು ಸಲ ಜೋರು ಮಾಡಿದ್ದರೂ ಸಾಕಿತ್ತೋ ಏನೋ. ಆದರೆ ಮಕ್ಕಳಿಗೆ ಲಸಿಕೆ ತಪ್ಪಬಾರದು ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಊರಿಗೆ ಹೊಸಬಳು, ಬಂದ ತಿಂಗಳಲ್ಲೇ ಜಗಳ ಯಾಕೆ ಎಂಬುದು ಅದರ ಹಿಂದೆಯೇ ಕೂತಿತ್ತು. ಆ ರಾತ್ರಿ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಬಹಳ ಶಾಣೆತನದ ಉಪಾಯ ಅಂದುಕೊಂಡೆ. ಇನ್ನು ಮೇಲೆ ಪ್ರತಿಯೊಬ್ಬರೂ ತಮ್ಮ ಕೂಸಿನ ತೂಕಕ್ಕೆ ಮನೆಯಿಂದಲೇ ಬಟ್ಟೆ ತರಬೇಕು. ಒಬ್ಬರ ಬಟ್ಟೆ ಒಬ್ಬರಿಗೆ ಬೇಡ, ಸ್ವಚ್ಛತೆಗೂ ಒಳ್ಳೆಯದು. ಯಾರ ಹೆಸರನ್ನೂ ಎತ್ತಲಿಲ್ಲ, ಯಾರನ್ನೂ ಮುಟ್ಟಬೇಡ ಅನ್ನಲಿಲ್ಲ.

ಕಸ್ತೂರಿಗೆ ಹೇಳುವಾಗ ಮಾತ್ರ ನಾನು ರಜಿಸ್ಟರಿನಿಂದ ಮುಖ ಎತ್ತಲಿಲ್ಲ. ಅವಳು ಜೋಳಿಗೆಯನ್ನು ಕೊಕ್ಕೆಯಿಂದ ಬಿಚ್ಚಿ, ಮಡಚಿ, ತನ್ನ ಚೀಲಕ್ಕೆ ಹಾಕಿಕೊಂಡಳು.

"ಆತ್ರಿ ಅಕ್ಕಾರ. ನಮ್ಮ ಕೇರಿ ಹುಡುಗ್ರಿಗರ ಇದು ನಡೀತೈತೇನ್ರಿ?"

"ಅವರೂ ಮನಿಯಿಂದನ ತರಲಿ. ಎಲ್ಲಾರಿಗೂ ಒಂದ ನಿಯಮ" ಅಂದೆ.

ಅವಳ ಕೇರಿಯ ತಾಯಂದಿರು ಮುಂದಿನ ತಿಂಗಳು ಬರುವಾಗ ತಮ್ಮ ಮನೆಯ ಬಟ್ಟೆ ಎಂದು ಅದೇ ಕೆಂಪು ಜೋಳಿಗೆಯನ್ನು ಒಬ್ಬರಾದ ಮೇಲೆ ಒಬ್ಬರು ತಂದರು. ನಾನು ನೋಡಿಯೂ ನೋಡದವಳಂತಿದ್ದೆ. ಆ ಕೂಸುಗಳ ತೂಕ ಸರಿಯಾಗಿಯೇ ದಾಖಲಾಯಿತು.

ಜುಲೈ ಗುರುವಾರ ಕಟ್ಟೆ ತುಂಬಿ ಹೋಯಿತು. ಮೇಲಿನ ಓಣಿಯ ಒಂದು ಕೂಸೂ ತಪ್ಪಲಿಲ್ಲ. ಒಬ್ಬರು ಧೋತರದ ತುಂಡು ತಂದರು, ಒಬ್ಬರು ದುಪಟ್ಟಾ, ಒಬ್ಬರು ಚಾದರ. ಪುನರ್ವಸು ಮಳೆ ಬಿಡದೆ ಜಿಟಿಜಿಟಿ ಹಿಡಿದಿತ್ತು. ಊರಲ್ಲಿ ಒಣಗಿದ ಬಟ್ಟೆ ಎಂಬುದೇ ಇರಲಿಲ್ಲ. ಸರಿಯಾಗಿ ಮಾಡಬೇಕೆಂದರೆ ಪ್ರತಿ ಬಟ್ಟೆಯನ್ನೂ ಮೊದಲು ಬರಿದೇ ತೂಗಿ ಕಳೆಯಬೇಕು. ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನಲವತ್ತು ಕೂಸು, ನಲವತ್ತು ಅಳು, ಸೂಜಿ ನಾನೇ ಹಾಕಬೇಕು, ತೂಕ ನಾನೇ ನೋಡಬೇಕು. ಇನ್ನೂರು ಗ್ರಾಂ ಎಂದು ಎಲ್ಲರಿಗೂ ಒಂದೇ ಅಂದಾಜು ಹಿಡಿದು ಕಳೆಯುತ್ತ ಹೋದೆ. ಕೂಸುಗಳನ್ನು ಎತ್ತುತ್ತಿದ್ದ ಕಸ್ತೂರಿಯನ್ನು ಮೆಟ್ಟಿಲ ಕೆಳಗೆ ಕುರ್ಚಿ ಹಾಕಿ ಹೆಸರು ಬರೆಯಲು ಕೂರಿಸಿದ್ದೆ. ಅಲ್ಲಿ ಅವಳಿಗೆ ಯಾರನ್ನೂ ಮುಟ್ಟುವ ಪ್ರಸಂಗ ಬರುತ್ತಿರಲಿಲ್ಲ.

ನೀಲವ್ವ ಭೂಮಿಕಾಳನ್ನು ಸ್ವೆಟರು, ಕುಂಚಿಗೆ, ಅದರ ಮೇಲೆ ಒಂದು ಸಣ್ಣ ಕೌದಿಯಲ್ಲಿ ಸುತ್ತಿ ತಂದಿದ್ದಳು. "ಬಿಚ್ಚಬ್ಯಾಡ್ರಿ ಬಾಯಾರ, ಥಂಡಿ ಆಗತೈತಿ ಕೂಸಿಗೆ" ಅಂದಳು. ಆಗಲಿ ಎಂದು ಕೌದಿಯ ಸಮೇತ ಕೊಕ್ಕೆಗೆ ಹಾಕಿದೆ. ಇನ್ನೂರು ಕಳೆದು ಐದು ಕಿಲೋ ಇನ್ನೂರು. "ಏರೇತಿ ನೋಡ್ರಿ" ಅಂದೆ. ಮುದುಕಿಯ ಮುಖ ಅರಳಿತು.

ಅದೇ ತಿಂಗಳು ಹಾನಗಲ್ಲಿನಲ್ಲಿ ನಮ್ಮೆಲ್ಲರ ಸಭೆ ನಡೆಯಿತು. ಮೊದಲು ಎಲ್ಲರೂ ಎದ್ದು ನಿಂತು, ಯಾರಲ್ಲಿಯೂ ಭೇದ ಮಾಡುವುದಿಲ್ಲ, ಅಸ್ಪೃಶ್ಯತೆಯನ್ನು ಆಚರಿಸುವುದಿಲ್ಲ ಎಂದು ಕೈ ಮುಂದೆ ಚಾಚಿ ಪ್ರತಿಜ್ಞೆ ಓದಿದೆವು. ನನ್ನ ದನಿ ದೊಡ್ಡದು, ಎಲ್ಲರಿಗಿಂತ ಜೋರಾಗಿ ಕೇಳುತ್ತಿತ್ತು. ಆಮೇಲೆ ಯಾವ ಊರಲ್ಲಿ ಎಷ್ಟು ಮಕ್ಕಳು ಬಂದರು ಎಂಬ ಲೆಕ್ಕಕ್ಕೆ ಬಂದಾಗ ನನ್ನ ಊರಿನದು ಪೂರ್ತಿ ಇತ್ತು. ಹೇಗೆ ಸಾಧ್ಯವಾಯಿತು ಎಂದು ಕೇಳಿದರು. ಮನೆಯಿಂದ ಬಟ್ಟೆ ತರಿಸುವುದನ್ನು ಹೇಳಿದೆ. ಸ್ವಚ್ಛತೆಗೆ ಒಳ್ಳೆಯ ಪದ್ಧತಿ ಎಂದು ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಆಶಾಗಳ ನಡುವೆ ಕಸ್ತೂರಿಯೂ ಕೂತಿದ್ದಳು. ಅವಳು ಚಪ್ಪಾಳೆ ತಟ್ಟಿದಳೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಪುಷ್ಯ ಮಳೆ ಹಿಡಿದ ವಾರ ಒಂದು ಮುಂಜಾನೆ ಅವಳು ಉಪಕೇಂದ್ರಕ್ಕೆ ಓಡುತ್ತ ಬಂದಳು.

"ಅಕ್ಕಾರ, ನೀಲವ್ವನ ಮೊಮ್ಮಗಳನ್ನ ಒಂದೀಟು ನೋಡ್ರಿ. ಅವರ ಹಿತ್ತಲದಾಗ ಎರಿಯಾಕತ್ತಿದ್ರು. ನಾ ಹಾದ್ಯಾಗಿಂದ ಕಂಡೆ. ತೊಡಿ ಮ್ಯಾಲಿನ ಮಾಂಸದ ಮಡಿಕಿ ಕರಗಿ ಹೋಗ್ಯಾವ್ರಿ."

ನಾನು ರಜಿಸ್ಟರ್ ತೆಗೆದೆ. "ಐದು, ಈಗ ಐದು ಇನ್ನೂರು. ಏರೇತಲ್ಲ ಕಸ್ತೂರಿ."

"ಅದು ಬರದದ್ದು ಖರೇ ರೀ. ಆದ್ರ ಕೂಸು ಸಣ್ಣ ಆಗೈತಿ. ಅವರವ್ವನ ಹಾಲು ಬತ್ಯಾವಂತ. ಬಾಟ್ಲ್ಯಾಗ ನೀರು ಹಾಲು ಹಾಕಾಕತ್ತಾರ. ಒಂದ ಸಲ ನನ್ನ ಕೈಯಾಗ ಕೊಡ್ಸ್ರಿ ಅಕ್ಕಾರ. ಬರೇ ಒಂದ ಸಲ. ತೂಕ ನಾ ಹೇಳ್ತೇನಿ."

ಅವಳು ಎರಡೂ ಕೈಯನ್ನು ಮುಂದೆ ಹಿಡಿದು ನಿಂತಿದ್ದಳು, ಆಗಲೇ ಕೂಸು ಅದರಲ್ಲಿ ಇರುವ ಹಾಗೆ. ನನಗೆ ಸಿಟ್ಟು ಬಂತು. ಕಾರ್ಡಿನ ಮೇಲೆ ನಾನು ಬರೆದ ತೂಕ ದೊಡ್ಡದೋ ಇವಳ ಕೈ ದೊಡ್ಡದೋ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ಕೂಸನ್ನು ಇವಳ ಕೈಗೆ ಕೊಡಿ ಎಂದು ನೀಲವ್ವನಿಗೆ ಹೇಳುವುದು ನನ್ನಿಂದ ಆಗದು ಎಂದು ನನಗೇ ಗೊತ್ತಿತ್ತು.

"ಇದ್ದದ್ದು ಸುಸೂತ್ರ ನಡದೈತಿ. ಹೊಸಾ ಜಗಳಾ ತಗೀಬ್ಯಾಡ. ಬರೋ ಗುರುವಾರ ತೂಕ ನೋಡೂಣು" ಅಂದೆ.

ಅವಳು ಕೈ ಕೆಳಗಿಳಿಸಿದಳು. ಮತ್ತೆ ಕೇಳಲಿಲ್ಲ. ಅವತ್ತೇ ಎದ್ದು ಹೋಗಿ ಕೂಸಿನ ಕುಂಚಿಗೆ ಬಿಚ್ಚಿ ನೋಡಿದ್ದರೆ ಅದು ಬದುಕುತ್ತಿತ್ತು. ಇದನ್ನು ಯಾರೂ ನನಗೆ ಹೇಳಿಲ್ಲ. ನರ್ಸ್ ಆಗಿ ನನಗೇ ಗೊತ್ತು.

ಆಗಸ್ಟಿನ ಗುರುವಾರ ಪಂಚಮಿಯ ಮುಂಚಿನ ವಾರ ಬಂತು. ಮನೆಮನೆಯಲ್ಲಿ ಉಂಡಿ ಕಟ್ಟುವ ಗಡಿಬಿಡಿ. ಮಳೆಯಲ್ಲೇ ಹುಡುಗಿಯರು ಹುಣಸೆ ಮರಕ್ಕೆ ಜೋಕಾಲಿ ಕಟ್ಟಿದ್ದರು. ನೀಲವ್ವ ಬಂದಳು. ಕೂಸು ಕುಂಚಿಗೆಯೊಳಗೆ ಮುಖ ಹುದುಗಿಸಿ ನಿದ್ದೆಯಲ್ಲಿತ್ತು. ನಿದ್ದೆ ಎಂದೇ ನಾನು ತಿಳಿದೆ. ಈ ಸಲ ಕೌದಿ ದೊಡ್ಡದಿತ್ತು, ತೊಯ್ದೂ ಇತ್ತು. ಮುಳ್ಳು ಐದು ಕಿಲೋ ಆರುನೂರು ತೋರಿಸಿತು. ಐದು ನಾನೂರು ಎಂದು ಬರೆದೆ. ಕೆಳಗೆ ಕುರ್ಚಿಯಲ್ಲಿದ್ದ ಕಸ್ತೂರಿಗೆ ಕೇಳಿಸಲೆಂದೇ, "ಮತ್ತ ಎರಡ್ನೂರು ಏರೇತಿ" ಎಂದು ಜೋರಾಗಿ ಹೇಳಿದೆ. ನೀಲವ್ವ ತೊಯ್ದ ಕೌದಿಯಲ್ಲಿ ಕೂಸನ್ನು ವಾಪಸು ಒಯ್ಯಬಾರದೆಂದು ಸೊಸೆಯ ಕೈಯಿಂದ ಒಣ ಟಾವೆಲ್ ತರಿಸಿ ಸುತ್ತಿಕೊಂಡಳು. "ಕೌದಿ ಇಲ್ಲೇ ಇರ್ಲಿ ಬಾಯಾರ, ಆಮ್ಯಾಲ ಒಯ್ತೇನಿ" ಎಂದು ಹೋದಳು.

ಎಲ್ಲರೂ ಹೋದ ಮೇಲೆ ನಾನು ಒಳಗೆ ಔಷಧ ಜೋಡಿಸುತ್ತಿದ್ದೆ. ಕಸ್ತೂರಿ ಕಟ್ಟೆ ಗುಡಿಸುತ್ತಿದ್ದಳು. ಕಸಬರಿಗೆಯ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲಲ್ಲಿ ಅವಳ ದನಿ.

"ಅಕ್ಕಾರ, ಆ ಕೌದಿ ನಾ ಮುಟ್ಟೇನ್ರಿ."

ಅವಳು ಮೊದಲು ಹೇಳಿದ್ದು ಅದು. ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ. ಆಮೇಲೆ ಹೇಳಿದಳು, "ಕೊಕ್ಕಿಗೆ ಹಾಕಿ ನೋಡಿದೆ. ಬರೇ ಕೌದಿನ ಒಂದು ಕಿಲೋ ಐತ್ರಿ."

ನಾನು ಹೊರಗೆ ಬಂದು ನೋಡಿದೆ. ಖಾಲಿ ಕೌದಿ ಕೊಕ್ಕೆಗೆ ಜೋತುಬಿದ್ದಿತ್ತು. ಮುಳ್ಳು ಒಂದರ ಮೇಲೆ ನಿಂತಿತ್ತು. ಸ್ವೆಟರು, ಕುಂಚಿಗೆ ಬೇರೆ. ಛತ್ರಿಯನ್ನೂ ತೆಗೆದುಕೊಳ್ಳದೆ ಇಬ್ಬರೂ ಮೇಲಿನ ಓಣಿಗೆ ಓಡಿದೆವು.

ಆ ಮನೆಯಲ್ಲಿ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದ್ದರು. ಒಲೆಯ ಮುಂದೆ ಕೂಸಿನ ತಾಯಿ ತಲೆ ಬಗ್ಗಿಸಿ ಕೂತಿದ್ದಳು. ಕಸ್ತೂರಿ ಎಂದಿನಂತೆ ಅಂಗಳದಲ್ಲೇ ಮಳೆಯಲ್ಲಿ ನಿಂತಳು. ನಾನು ಏದುಸಿರು ಬಿಡುತ್ತ, "ಕಸ್ತೂರಿ ನಿಮ್ಮ ಕೌದಿ ತೂಗಿ ನೋಡ್ಯಾಳ್ರಿ, ಕೂಸು ಇಳದೈತಿ, ಬಿಚ್ಚಿ ತೋರಸ್ರಿ" ಅಂದೆ. ಅವಸರದಲ್ಲಿ ಆಡಿದ ಆ ಮಾತು ಮುಂದೆ ಏನಾಗುತ್ತದೆ ಎಂದು ಆಗ ಹೊಳೆಯಲಿಲ್ಲ. ಸ್ವೆಟರು ಬಿಚ್ಚಿದೆ. ಎಣಿಸಬಹುದಾದ ಪಕ್ಕೆಲುಬು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೆಯೇ ಎದ್ದು ನಿಂತಿತ್ತು. ಅಳಲು ಬಾಯಿ ತೆರೆಯಿತು, ದನಿ ಇರಲಿಲ್ಲ. ಎಷ್ಟು ದಿನದಿಂದ ಭೇದಿಯಾಗುತ್ತಿದೆ ಎಂದು ಕೇಳಿದರೆ ತಾಯಿ, "ವಾರ ಆತ್ರಿ. ತೂಕ ಏರಾಕತ್ತೈತಿ ಅಂತ ಸುಮ್ನಿದ್ವಿ" ಅಂದಳು.

೧೦೮ ಗಾಡಿ ಬಂತು, ಹಳ್ಳ ತುಂಬಿದ್ದರಿಂದ ಸುತ್ತಿ ಬಳಸಿ ಬಂತು. ಚಮಚದಿಂದ ನೀರು ಹಾಕುತ್ತ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನಾನು ಒಳಗೆ ಕೂತೆ. ತಾಯಿ ಹತ್ತಿದಳು. ಕಸ್ತೂರಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಳು. ಜೊತೆಗೆ ಹೋಗುವುದು ಅವಳ ಕೆಲಸ. ನೀಲವ್ವ, "ನೀ ಬ್ಯಾಡ" ಅಂದಳು. ನಾನು ಬಾಯಿ ಬಿಡಲಿಲ್ಲ. ಬಾಗಿಲು ಹಾಕಿಕೊಂಡಿತು. ಹಾನಗಲ್ಲಿನಿಂದ ಹುಬ್ಬಳ್ಳಿಗೆ ಒಯ್ದರು. ಡಾಕ್ಟರರು ಮಾಡುವುದನ್ನೆಲ್ಲ ಮಾಡಿದರು. ಪಂಚಮಿಯ ದಿನ, ಊರ ಹೆಂಗಸರು ಹುತ್ತಕ್ಕೆ ಹಾಲೆರೆದು ಬರುವ ಹೊತ್ತಿಗೆ, ಭೂಮಿಕಾಳನ್ನು ಅದೇ ಟಾವೆಲಿನಲ್ಲಿ ಸುತ್ತಿ ತಂದರು. ಆ ವರ್ಷ ಮೇಲಿನ ಓಣಿಯಲ್ಲಿ ಯಾರೂ ಜೋಕಾಲಿ ಆಡಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ನಾನು ಆ ಮನೆಗೆ ಹೋದೆ. ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನರ್ಸಬಾಯಾರ, ಏರೇತಿ ಅಂದಿದ್ರಲ್ರಿ. ನೀವ ಬರದಿದ್ರಲ್ರಿ."

ನಾನು ಹೇಳಬೇಕಿತ್ತು. ನಾನು ಬರೆದದ್ದು ನಿಮ್ಮ ಕೂಸಿನ ತೂಕವಲ್ಲ ನೀಲವ್ವ, ಕೌದಿಯ ತೂಕ. ಎಲ್ಲ ಕೂಸುಗಳಿಗೂ ಇದ್ದ ಒಂದೇ ಜೋಳಿಗೆಯನ್ನು ನೀವು ಬೇಡ ಅಂದಿರಿ, ನಾನು ಹೂಂ ಅಂದೆ. ಇದು ನಿಮ್ಮದು ನನ್ನದು ಇಬ್ಬರದೂ ಕೆಲಸ. ಇದರಲ್ಲಿ ಒಂದು ಅಕ್ಷರವೂ ಬಾಯಿಂದ ಬರಲಿಲ್ಲ. ಪಕ್ಕದಲ್ಲಿ ಕೂತ ಒಬ್ಬ ಹೆಂಗಸು ಹೇಳಿದಳು, "ನರ್ಸಬಾಯಾರದೇನು ತಪ್ಪು. ಮಾಡಬಾರದ್ದು ಮಾಡಿದಾಕಿ ಅಕಿ. ಕೂಸಿನ ಕೌದಿ ಮುಟ್ಟಿದ್ಲಂತಲ್ಲ. ಅವತ್ತಿಂದ ಕೂಸು ಮತ್ತ ಚೇತರಿಸ್ಕೊಳ್ಳಲಿಲ್ಲ."

ಆ ಸುದ್ದಿಯನ್ನು ಆ ಮನೆಗೆ ಕೊಂಡೊಯ್ದವಳು ನಾನು. ಈಗ ಎಲ್ಲರ ಕಣ್ಣು ನನ್ನ ಮೇಲಿತ್ತು. ಹಾಗಲ್ಲ ಎಂದು ಒಂದು ಮಾತು ಅಂದಿದ್ದರೆ ಮುಂದೆ ನಡೆದದ್ದು ನಡೆಯುತ್ತಿರಲಿಲ್ಲ. "ಹಂಗೆಲ್ಲ ಅನಬ್ಯಾಡ್ರಿ" ಎಂದು ಗೊಣಗಿ, ಚಹಾ ಬೇಡವೆಂದು, ಎದ್ದು ಬಂದೆ.

ವಾರದಲ್ಲಿ ಊರಿನವರ ಒಂದು ಅರ್ಜಿ ಹೋಯಿತು. ಕಸ್ತೂರಿ ಮೇಲಿನ ಓಣಿಗೆ ಬರುವುದು ಬೇಡ ಎಂದು. ಮೇಲಧಿಕಾರಿಗಳು ನನ್ನ ಅಭಿಪ್ರಾಯ ಕೇಳಿದರು. ಕೂಸು ಅತಿಸಾರದಿಂದ ಸತ್ತಿದೆ ಎಂದು ಬರೆದೆ. ಅದು ಸುಳ್ಳಲ್ಲ. ಬಟ್ಟೆಯ ವಿಷಯ ಬರೆಯಲಿಲ್ಲ. ಕಸ್ತೂರಿಯ ತಪ್ಪಿಲ್ಲ ಎಂದೂ ಬರೆಯಲಿಲ್ಲ. ಹಾಗೆ ಬರೆದರೆ ಮತ್ತಾರ ತಪ್ಪು ಎಂದು ಕೇಳುತ್ತಿದ್ದರು. ಮೇಲಿನ ಓಣಿಯನ್ನು ಪಕ್ಕದ ಊರಿನ ಆಶಾಗೆ ಕೊಟ್ಟರು. ಕಸ್ತೂರಿಗೆ ಕೆಳಗಿನ ಕೇರಿ ಮತ್ತು ಹೊಲದ ಮನೆಗಳು ಉಳಿದವು.

ಹಾಗೆಂದು ಬಂದ ಆದೇಶದ ಕಾಗದಕ್ಕೆ ನಾನೂ ಸಹಿ ಹಾಕಿ ಅವಳ ಕೈಗೆ ಕೊಟ್ಟ ದಿನ ಅವಳು ಪೂರ್ತಿ ಓದಿದಳು. ಕೆಳಗಿದ್ದ ನನ್ನ ಸಹಿಯನ್ನೂ ನೋಡಿದಳು.

"ನಾ ಅವತ್ತು ಕೌದಿ ಮುಟ್ಟದಿದ್ರ ಚಲೋ ಇತ್ತೇನ್ರಿ ಅಕ್ಕಾರ?"

ಅವಳು ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ನಾನು ಇಲ್ಲ ಎನ್ನುವಂತೆ ತಲೆ ಅಲ್ಲಾಡಿಸಿದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಗದ್ದೆಗಳೆಲ್ಲ ಆಗ ನಟ್ಟಿಯಾಗಿ ಹಸಿರು ತಿರುಗಿದ್ದವು. ಆ ಬದುವಿನ ಮೇಲೆ ಗುಲಾಬಿ ಸೀರೆ ಬಹಳ ದೂರದ ತನಕ ಕಾಣುತ್ತಿತ್ತು. ದೀಪಾವಳಿಯ ಮುಂಚೆ ನಾನೇ ಕೇಳಿ ಶಿಗ್ಗಾವಿ ಕಡೆಗೆ ವರ್ಗ ಮಾಡಿಸಿಕೊಂಡೆ. ಅಲ್ಲಿ ಪ್ರತಿ ಬಟ್ಟೆಯನ್ನೂ ಎರಡು ಸಲ ತೂಗಿ ನೋಡುವ ನರ್ಸ್ ಎಂದು ಹೆಸರಾದೆ. ನನಗೆ ಸ್ವಲ್ಪ ತಲೆ ಕೆಟ್ಟಿದೆ ಎಂದವರೂ ಇದ್ದರು.

ಸವಿತಾಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಂಗಿಯ ಮನೆಯ ಪಡಸಾಲೆಯಲ್ಲಿ ಕೂತಾಗ ಇದೆಲ್ಲ ಮತ್ತೆ ಬಂತು. ಅಂದು ಸಂತೆಯ ದಿನ. ತೆರೆದ ಬಾಗಿಲಿನ ಹೊರಗೆ ಚೀಲ ಹಿಡಿದ ಜನ ಹೋಗಿ ಬರುತ್ತಿದ್ದರು. ಅವರ ನಡುವೆ ಒಂದು ಗುಲಾಬಿ ಸೀರೆ. ತಲೆ ಅರ್ಧ ನರೆತಿದೆ, ನಡಿಗೆ ಅದೇ. ಕೂಗಬೇಕೋ ಬೇಡವೋ ಎಂದು ಯೋಚಿಸುವುದರೊಳಗೆ, "ಕಸ್ತೂರಿ!" ಎಂದು ಕೂಗಿಬಿಟ್ಟಿದ್ದೆ.

ಅವಳು ನಿಂತಳು, ಗುರುತು ಹಿಡಿದಳು, ನಕ್ಕಳು. ಕಟ್ಟೆಯ ಕೆಳಗೆ ಬಂದು ನಿಂತಳು.

"ಆರಾಮದೀರಿ ಅಕ್ಕಾರ? ರಿಟೈರ್ ಆದ್ರಂತ."

"ಮ್ಯಾಲೆ ಬಾ. ಬರ್ರಿ" ಅಂದೆ. ಬಾಯಿಗೆ ರೂಢಿಯಿಲ್ಲದ ಮಾತು, ನಡುವೆ ತೊಡರಿತು. ಅವಳು ಮೇಲೆ ಬರಲಿಲ್ಲ. ನಾನೇ ಕೂಸನ್ನು ಎತ್ತಿಕೊಂಡು ಇಳಿದು ಹೋದೆ. "ಕಸ್ತೂರಿ, ಆ ವರ್ಷ ನಾನು..." ಎಂದು ಶುರುಮಾಡಿದೆ. ಹನ್ನೊಂದು ವರ್ಷ ಮನಸ್ಸಿನಲ್ಲಿ ಎಷ್ಟೋ ಸಲ ಜೋಡಿಸಿಟ್ಟ ಮಾತು.

"ಯಾರ ಕೂಸ್ರಿ ಇದು? ಮೊಮ್ಮಗಳೇನ್ರಿ?" ಅಂದಳು. ನನ್ನ ಮಾತನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಳು. 

"ತಂಗಿ ಮೊಮ್ಮಗಳು. ಹಿಡೀರಿ" ಎಂದು ಕೂಸನ್ನು ಅವಳ ಮುಂದೆ ಚಾಚಿದೆ. ಮೈಮೇಲೆ ಒಂದು ತೆಳು ಅಂಗಿ ಬಿಟ್ಟರೆ ಕೂಸು ಬರಿಮೈಯಲ್ಲಿತ್ತು. "ತೂಕ ಹೇಳ್ರಿ ನೋಡೂಣು."

ಕಸ್ತೂರಿ ಕೂಸಿನ ಕಡೆ ನೋಡಿದಳು. ಆಮೇಲೆ ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದಳು. ಅಲ್ಲಿ ನನ್ನ ತಂಗಿ ಬಂದು ನಿಂತಿದ್ದಳು. ಕಸ್ತೂರಿ ತನ್ನ ಚೀಲಕ್ಕೆ ಕೈ ಹಾಕಿ ಒಗೆದು ಮಡಚಿದ ಒಂದು ಬಿಳಿ ಟಾವೆಲ್ ತೆಗೆದಳು. ಅದನ್ನು ಬಿಡಿಸಿ ತನ್ನ ಎರಡೂ ಕೈಯ ಮೇಲೆ, ಮೊಣಕೈ ತನಕ, ಎಲ್ಲಿಯೂ ಚರ್ಮ ಕಾಣದ ಹಾಗೆ ಹಾಸಿಕೊಂಡಳು. ಯಾರೂ ಹೇಳಿರಲಿಲ್ಲ. ಆ ಕೈಗೆ ಅದು ರೂಢಿಯಾಗಿತ್ತು.

"ಬಟ್ಟಿ ಬ್ಯಾಡ ಕಸ್ತೂರಿ. ತಗೀರಿ ಅದನ್ನ" ಅಂದೆ.

"ಇರ್ಲಿ ಬಿಡ್ರಿ ಅಕ್ಕಾರ. ಎಲ್ಲಾರ ಮನಿ ಕೂಸನ್ನೂ ಹಿಂಗ ಹಿಡೀತೇನಿ. ಯಾರಿಗೂ ತ್ರಾಸಿಲ್ಲ."

ಕೂಸನ್ನು ಟಾವೆಲಿನ ಮೇಲೆ ತೆಗೆದುಕೊಂಡಳು. ಕಣ್ಣು ಮುಚ್ಚಿ, ಎರಡು ಸಲ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಳು. ಕೂಸು ಅವಳ ಮುಖ ನೋಡುತ್ತಿತ್ತು.

"ನಾಕು ಕಿಲೋ ಮ್ಯಾಲ ನೂರು ಗ್ರಾಂ ರೀ" ಅಂದಳು. ಕಣ್ಣು ತೆರೆದು, ನನ್ನನ್ನು ನೋಡಿ, ಮತ್ತೊಂದು ಮಾತು ಸೇರಿಸಿದಳು. "ಟಾವೆಲ್ ಬಿಟ್ಟು."